ಇದನ್ನೇ ಖುದ್ದು ಕರೆಯೆಂದು ತಿಳಿದು

ಕಲಬುರಗಿಯ ಜಗತ್ ಸರ್ಕಲ್ಲಿನ ಗದ್ದಲದಿಂದ ಸ್ವಲ್ಪ ಒಳಗೆ ಸರಿದರೆ, ಬಳೆ ಅಂಗಡಿಗಳ ಸಂದಿಯಲ್ಲಿ ಕರೀಂಸಾಬರ ಪ್ರೆಸ್ಸಿದೆ. ಲಗ್ನಪತ್ರಿಕೆ ಮಾಡಿಸಲು ಬಂದವರು ಮೊದಲು ಕರೀಂಸಾಬರ ಹತ್ತಿರ ರೇಟು ಮಾತಾಡುತ್ತಾರೆ. ಆಮೇಲೆ ಮೂಲೆಯ ಕಂಪ್ಯೂಟರಿನ ಮುಂದೆ ಕೂತ ಕಲ್ಯಾಣಪ್ಪನ ಹತ್ತಿರ ಹೋಗಿ ಮನೆಯ ಕಥೆಯನ್ನೆಲ್ಲ ಹೇಳುತ್ತಾರೆ. ಯಾವ ಮಾವನ ಹೆಸರು ಮೇಲೆ ಬರಬೇಕು, ಯಾವ ಚಿಕ್ಕಪ್ಪನ ಹೆಸರು ಕೆಳಗೆ ಬಂದರೆ ಮಂಟಪದಲ್ಲೇ ಜಗಳ ಬೀಳುತ್ತದೆ, ಮಾತು ಬಿಟ್ಟ ಕಾಕಾನ ಹೆಸರು ಹಾಕಬೇಕೋ ಬೇಡವೋ, ಎಲ್ಲವನ್ನೂ ಅವನು ಕೇಳಿಸಿಕೊಂಡು, ಕನ್ನಡಕ ಹಣೆಗೇರಿಸಿ, ಯಾರ ಮುಖವೂ ಸಪ್ಪಗಾಗದ ಹಾಗೆ ಹೆಸರು ಜೋಡಿಸಿಕೊಡುತ್ತಾನೆ. ಊರಿನ ಅರ್ಧ ಸಂಸಾರಗಳ ಗುಟ್ಟು ಅವನ ಹೊಟ್ಟೆಯೊಳಗಿದೆ, ಅದಕ್ಕೇ ಹೊಟ್ಟೆ ಅಷ್ಟು ಮುಂದೆ ಬಂದಿದೆ ಎಂದು ಕರೀಂಸಾಬರು ಚಾಷ್ಟಿ ಮಾಡುತ್ತಾರೆ.

ಪತ್ರಿಕೆಯ ಕೊನೆಗೆ ಅವನು ತಪ್ಪದೆ ಹಾಕುವ ಒಂದು ಸಾಲಿದೆ. "ಮನೆಗೆ ಬಂದು ಕರೆಯಲಾಗದ್ದಕ್ಕೆ ಮನ್ನಿಸಿ, ಇದನ್ನೇ ಖುದ್ದು ಕರೆಯೆಂದು ತಿಳಿದು ಸಕುಟುಂಬ ಬರಬೇಕು." ಈ ಕಡೆ ಮದುವೆಗೆ ಕರೆಯುವುದೆಂದರೆ ಹುಡುಗಾಟವಲ್ಲ. ಮನೆಯವರೇ ಬಾಗಿಲಿಗೆ ಬರಬೇಕು. ಹಣೆಗೆ ಕುಂಕುಮ ಹಚ್ಚಿ, ಅರಿಶಿಣ ಕಲಸಿದ ಅಕ್ಕಿಕಾಳು ಕೈಗೆ ಹಾಕಿ, ಇಂಥ ದಿನ ಇಂಥಲ್ಲಿ ಕಾರ್ಯ ಅದ, ಬರಬೇಕು ಅನ್ನಬೇಕು. ಆ ಕಾಳನ್ನು ಸೆರಗಿಗೆ ಗಂಟು ಹಾಕಿಕೊಂಡರೆ ಬರುತ್ತೇನೆಂದು ಅರ್ಥ. ಬರೀ ಪತ್ರಿಕೆ ಬಂದರೆ ಅದು ಗೋಡೆಯ ಮೊಳೆಗೆ ಸಿಕ್ಕಿಸಿ ಮರೆತುಬಿಡುವ ಕಾಗದ, ಅಷ್ಟೇ. ಇಷ್ಟು ಮನೆ ಯಾರು ತಿರುಗುತ್ತಾರೆಂದು ಗೋಳಾಡುವ ಗಿರಾಕಿಗಳಿಗೆ ಕಲ್ಯಾಣಪ್ಪ ತನ್ನ ಸಾಲನ್ನು ತೋರಿಸಿ ಧೈರ್ಯ ಹೇಳುತ್ತಿದ್ದ.

"ಇದೊಂದು ಸಾಲ ಹಾಕಿಬಿಡ್ರಿ. ನೀವೇ ಹೋಗಿ ಅವರ ಬಾಗಲದಾಗ ನಿಂತಂಗ."

ವರ್ಷಗಟ್ಟಲೆ ಬೇರೆಯವರಿಗೆ ಹೇಳಿ ಹೇಳಿ ಕೊನೆಗೆ ಅವನೇ ಅದನ್ನು ನಂಬಿಬಿಟ್ಟಿದ್ದ. ಇಲ್ಲದಿದ್ದರೆ ಅವನ ಅಕ್ಕ ಅವನ ಜೊತೆ ಮಾತು ಬಿಡುವ ಕಾಲ ಬರುತ್ತಿರಲಿಲ್ಲ.

ಅಕ್ಕನ ಹೆಸರು ಕಸ್ತೂರಿಬಾಯಿ. ಕಮಲಾಪುರಕ್ಕೆ ಕೊಟ್ಟಿದ್ದರು. ಗಂಡ ಜಗದೇವಪ್ಪನದು ಕೆಂಪು ಬಾಳೆಯ ತೋಟ, ಜೊತೆಗೆ ಹಣ್ಣಿನ ವ್ಯಾಪಾರ. ಆಕೆಗೆ ಮೊದಲಿನಿಂದಲೂ ದಮ್ಮು. ಎರಡು ಮಾತಾಡಿದರೆ ಮೂರನೆಯದಕ್ಕೆ ಉಸಿರು ತೆಗೆದುಕೊಳ್ಳಬೇಕು, ಆದರೂ ಆಕೆ ಮಾತು ಕಡಿಮೆ ಮಾಡಿದ್ದನ್ನು ಯಾರೂ ನೋಡಿಲ್ಲ. ಕಲ್ಯಾಣಪ್ಪನ ಹೆಂಡತಿ ತೀರಿಕೊಂಡಾಗ ಮಗಳು ಸೌಂದರ್ಯಾಳಿಗೆ ಇನ್ನೂ ಸರಿಯಾಗಿ ಮಾತು ಬಂದಿರಲಿಲ್ಲ. ಕಸ್ತೂರಿಬಾಯಿ ಮಣ್ಣಿಗೆ ಬಂದವಳು ಮೂರನೆಯ ದಿನ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ಯಾರನ್ನೂ ಕೇಳದೆ, ಕಮಲಾಪುರದ ಬಸ್ಸು ಹತ್ತಿದಳು. ಹೈಸ್ಕೂಲಿಗೆ ಬರುವವರೆಗೂ ಆ ಹುಡುಗಿ ಅಲ್ಲೇ ಬೆಳೆಯಿತು. ಕಲ್ಯಾಣಪ್ಪ ವಾರಕ್ಕೊಮ್ಮೆ ಹೋಗಿ ಮಗಳನ್ನು ನೋಡಿ, ಅಕ್ಕನ ಕೈಯ ರೊಟ್ಟಿ ತಿಂದು, ಬೈಸಿಕೊಂಡು ಬರುತ್ತಿದ್ದ.

"ಇಕಿ ಮದುವಿಯೊಳಗ ಅರಿಶಿಣದ ಮೊದಲನೇ ಕೈ ನಂದು," ಎಂದು ಕಸ್ತೂರಿಬಾಯಿ ಆಗಿನಿಂದಲೂ ಹೇಳಿಡುತ್ತಿದ್ದಳು. "ಕಲ್ಯಾಣಿ, ಮರ್ತೀಯಂದ್ರ ನೋಡು ಮತ್ತ!"

ಮರೆಯುವ ಮಾತೇ ಇರಲಿಲ್ಲ. ಅವರ ಮನೆತನದಲ್ಲಿ ಮದುಮಗಳಿಗೆ ಮೊದಲು ಅರಿಶಿಣ ಹಚ್ಚುವುದು ಸೋದರತ್ತೆಯೇ. ಇಲ್ಲಿ ಅತ್ತೆಯೂ ಅವಳೇ, ತಾಯಿಯೂ ಅವಳೇ.

ಸೌಂದರ್ಯಾಳಿಗೆ ಗಂಡು ಗೊತ್ತಾಯಿತು. ಹುಡುಗ ಅರುಣಕುಮಾರ, ಕಪನೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ. ಕಸ್ತೂರಿಬಾಯಿ ನಿಶ್ಚಯಕ್ಕೆ ಬಂದು, ಬೀಗರನ್ನು ಮಾತಿನಲ್ಲೇ ಮಣಿಸಿ, ಹೋಗುವಾಗ ಮದುವೆಗೆ ತಾನು ಉಡಲು ಇಳಕಲ್ ಸೀರೆ ಕೊಳ್ಳಬೇಕೆಂದು ತಮ್ಮನ ಎದುರಿಗೇ ಗಂಡನಿಗೆ ಹೇಳಿ ಹೋದಳು. ಮದುವೆ ಬೇಸಿಗೆಗೆ. ಅಷ್ಟರಲ್ಲಿ ಕೊರೊನಾ ರೋಗ ಬಂತು. ಕಲಬುರಗಿಯ ಹೆಸರು ದೇಶದ ಟಿವಿಯಲ್ಲೆಲ್ಲ ಬಂದದ್ದು ಆಗಲೇ. ಜಗತ್ ಸರ್ಕಲ್ಲಿನಲ್ಲಿ ನಾಯಿಗಳು ರಸ್ತೆಯ ನಡುವೆ ಕಾಲು ಚಾಚಿ ಮಲಗಿದವು. ಕರೀಂಸಾಬರ ಪ್ರೆಸ್ಸಿಗೆ ಬೀಗ ಬಿತ್ತು.

ಬೀಗ ತೆಗೆಸಿದವಳು ಮಂಜುಷಾ. ಜಿಲ್ಲಾ ಆರೋಗ್ಯ ಕಚೇರಿಯಲ್ಲಿ ಜನರಿಗೆ ತಿಳಿವಳಿಕೆ ಕೊಡುವ ವಿಭಾಗದ ಅಧಿಕಾರಿ. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಎರಡರಲ್ಲೂ ಖಡಕ್ಕು. ಕರಪತ್ರ ಅಚ್ಚು ಮಾಡಿಸಲು ಬಂದಿದ್ದಳು. ಅವಳ ಮೇಲೆ ಇನ್ನೂ ಒಂದು ಹೊರೆಯಿತ್ತು. ಜಿಲ್ಲೆಯ ಮೊಬೈಲುಗಳಿಗೆಲ್ಲ ದಿನವೂ ಒಂದು ಮೆಸೇಜು ಕಳಿಸಬೇಕು, ಜನ ಅದನ್ನು ಓದಬೇಕು, ಓದಿ ಹಾಗೆಯೇ ನಡೆದುಕೊಳ್ಳಬೇಕು. ಮೇಲಿನಿಂದ ಬಂದ ಒಕ್ಕಣೆಯನ್ನು ಅವಳು ಕಲ್ಯಾಣಪ್ಪನಿಗೆ ತೋರಿಸಿದಳು. "ಸಾರ್ವಜನಿಕರು ಅನಗತ್ಯವಾಗಿ ಸಂಚರಿಸತಕ್ಕದ್ದಲ್ಲ" ಎಂದಿತ್ತು.

"ಮೇಡಂರೀ, ಇದು ಕೋರ್ಟಿನ ನೋಟೀಸ ಬಂದಂಗ ಅದ," ಅಂದ ಕಲ್ಯಾಣಪ್ಪ. "ನಮ್ಮ ಮಂದಿ ನೋಟೀಸ ಅಂದ್ರ ಮಡಚಿ ಇಟ್ಟುಬಿಡ್ತಾರ."

"ನನಗೂ ಗೊತ್ತದ ಕಲ್ಯಾಣಪ್ಪನವರ. ಅದಕ್ಕೇ ನಿಮ್ಮ ಹತ್ರ ಬಂದೀನಿ," ಅಂದಳು ಮಂಜುಷಾ. "ಹೆದರಸೋ ಮೆಸೇಜ್ ಕಳಿಸಿ ನೋಡಿದೆ. ಹೆದರಿದವರು ಫೋನ್ ಬಂದ್ ಮಾಡಿ ಕೂಡ್ತಾರ. ನೀವು ಲಗ್ನಕ್ಕ ಕರ್ದಂಗ ಬರೀರಿ."

ಹೀಗೆ ಕಲ್ಯಾಣಪ್ಪ ಜಿಲ್ಲೆಗೆ ಬರೆಯತೊಡಗಿದ. ಮೆಸೇಜಿಗೆ ಅಕ್ಷರಗಳ ಮಿತಿ, ಅದರಲ್ಲೂ ಕನ್ನಡದ ಒತ್ತಕ್ಷರ ಹೆಚ್ಚು ಜಾಗ ತಿನ್ನುತ್ತದೆ. ಅವನಿಗದು ಕಷ್ಟವಾಗಲಿಲ್ಲ. ಮಾವ, ಚಿಕ್ಕಪ್ಪ, ಭಾವಂದಿರನ್ನೆಲ್ಲ ಅಂಗೈಯಗಲದ ಕಾರ್ಡಿನಲ್ಲಿ ಕೂಡಿಸಿದ ಕೈ ಅದು. ಅವನು ಬರೆಯುತ್ತಿದ್ದ, ಮಂಜುಷಾ ಅದರಲ್ಲಿ ಔಷಧದ ಮಾತು ತಪ್ಪಿದ್ದರೆ ತಿದ್ದುತ್ತಿದ್ದಳು, ಕಡಿಮೆ ಬಿದ್ದದ್ದನ್ನು ಸೇರಿಸುತ್ತಿದ್ದಳು. ಇಬ್ಬರದೂ ಚೆನ್ನಾಗಿ ಹೊಂದಿತು.

ಬೇಸಿಗೆಯಲ್ಲಿ ಮದುವೆಗಳ ಚಿಂತೆ ಬಂತು. ಐವತ್ತು ಮಂದಿಗೆ ಮಾತ್ರ ಅನುಮತಿ, ವಯಸ್ಸಾದವರು ಮನೆಯಲ್ಲೇ ಇರಬೇಕು. ಆದರೆ ಈ ಕಡೆ ಅಜ್ಜ ಅಜ್ಜಿಯನ್ನು ಬಿಟ್ಟು ಅಕ್ಕಿಕಾಳು ಹಾಕುವವರು ಯಾರು? ಕಲ್ಯಾಣಪ್ಪ ಒಂದು ಮಧ್ಯಾಹ್ನ ಕೂತು ಬರೆದ. "ಮದುವೆಗೆ ಹಿರಿಯರನ್ನು ಕರೆಯಬೇಡಿ. ಈ ವರ್ಷ ಕರೆಯದಿರುವುದೇ ಪ್ರೀತಿ." ಮಂಜುಷಾ ಅದನ್ನು ಎರಡು ಸಲ ಓದಿದಳು, ಒಂದಕ್ಷರವನ್ನೂ ಮುಟ್ಟಲಿಲ್ಲ. ಮೆಸೇಜು ಜಿಲ್ಲೆಗೆಲ್ಲ ಹೋಯಿತು. ಬಹಳ ಮನೆಗಳಲ್ಲಿ ಅದನ್ನೇ ತೋರಿಸಿ ಹಿರಿಯರನ್ನು ಒಪ್ಪಿಸಿದರಂತೆ. ಕಲ್ಯಾಣಪ್ಪನಿಗೆ ಒಳಗೊಳಗೇ ಬೀಗುವಷ್ಟು ಖುಷಿಯಾಯಿತು.

ಆಮೇಲೆ ಅವನ ಮಗಳ ಮದುವೆಯೇ ಬಂತು.

ಅಕ್ಕನಿಗೆ ಅರವತ್ತು ದಾಟಿತ್ತು, ದಮ್ಮಿತ್ತು. ಕರೆದರೆ ಬಂದೇ ಬರುತ್ತಾಳೆ. ಬಂದರೆ ಐವತ್ತು ಮಂದಿಯ ನಡುವೆ ಕೂತು, ಎಲ್ಲರ ಕೆನ್ನೆ ಹಿಡಿದು ಮಾತಾಡಿಸುತ್ತಾಳೆ. ಆಕೆಗೇನಾದರೂ ಆದರೆ ತಾನು ಬದುಕುವುದು ಹೇಗೆಂದು ಕಲ್ಯಾಣಪ್ಪ ನಿಜವಾಗಿಯೂ ಹೆದರಿದ್ದ. ಕರೆಯಬಾರದೆಂದು ತೀರ್ಮಾನಿಸಿದ. ಅದು ತಪ್ಪೆಂದು ಯಾರೂ ಹೇಳುವ ಹಾಗಿಲ್ಲ. ಆದರೆ ಕರೆಯುತ್ತಿಲ್ಲವೆಂಬ ಮಾತನ್ನಾದರೂ ಫೋನು ಎತ್ತಿ ಹೇಳಬೇಕಿತ್ತು. ಅವನು ಫೋನು ಕೈಗೆತ್ತಿಕೊಂಡ, ಇಟ್ಟ, ಮತ್ತೆ ಎತ್ತಿಕೊಂಡ. ನೀ ಬರಬ್ಯಾಡ ಅನ್ನುವ ಮಾತನ್ನು ಅಕ್ಕನಿಗೆ ಯಾವ ಬಾಯಿಂದ ಹೇಳುವುದು? ಮೆಸೇಜು ಆಕೆಗೂ ಹೋಗಿದೆಯಲ್ಲ, ಬರೆದವನು ನಾನೇ ಎಂದು ಆಕೆಗೆ ಗೊತ್ತು, ತಿಳಿದುಕೊಳ್ಳುತ್ತಾಳೆ ಎಂದು ಸಮಾಧಾನ ಮಾಡಿಕೊಂಡ. ಇದನ್ನೇ ಖುದ್ದು ಕರೆಯೆಂದು ತಿಳಿದುಕೊಳ್ಳುವ ಮಂದಿ, ಇದನ್ನೇ ಖುದ್ದು ಕ್ಷಮೆಯೆಂದು ತಿಳಿಯಲಾರರೇ ಎಂಬ ಲೆಕ್ಕ ಅವನದು.

ಕಮಲಾಪುರದಲ್ಲಿ ಆ ಮೆಸೇಜನ್ನು ಕಸ್ತೂರಿಬಾಯಿಗೆ ಓದಿ ಹೇಳಿದವಳು ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಮಾನಮ್ಮ. ಕಸ್ತೂರಿಬಾಯಿ ಇನ್ನೊಮ್ಮೆ ಓದಿಸಿದಳಂತೆ. ಆಮೇಲೆ, "ಇಡೀ ಜಿಲ್ಲಾಕ್ಕ ಹೇಳ್ಯಾನ, ನನಗೂ ಹೇಳ್ಯಾನ. ನಾನೂ ಜಿಲ್ಲಾದಾಗ ಒಬ್ಬಾಕಿ ಅಲ್ಲೇನು," ಅಂದು ಎದ್ದು ಒಳಗೆ ಹೋದಳಂತೆ.

ಮದುವೆಯ ಹಿಂದಿನ ದಿನ ಸೌಂದರ್ಯಾ ಫೋನು ಮಾಡಿ ಅತ್ತಳು. "ಚೆಂದಾಗಿರವಾ," ಎಂದಷ್ಟೇ ಅಂದು ಕಸ್ತೂರಿಬಾಯಿ ಫೋನು ಇಟ್ಟಳು. ಮರುದಿನ ಬೆಳಿಗ್ಗೆ ಅರಿಶಿಣದ ಬಟ್ಟಲು ಹಿಡಿದು ಓಣಿಯ ಹೆಣ್ಣುಮಕ್ಕಳು ನಿಂತಾಗ ಹುಡುಗಿ ಯಾರಿಗೂ ಮೊದಲ ಕೈ ಬಿಡಲಿಲ್ಲ. ತಾನೇ ಬೆರಳು ಅದ್ದಿ, "ಅತ್ತೀ, ನಿನ್ನ ಕೈ ಇದು," ಅಂದು ತನ್ನ ಕೆನ್ನೆಗೆ ತಾನೇ ಹಚ್ಚಿಕೊಂಡಳು. ಕಲ್ಯಾಣಪ್ಪ ಹಂದರದ ಕಂಬ ಹಿಡಿದು ನಿಂತಿದ್ದ. ಅವನು ಅತ್ತದ್ದನ್ನು ಮಾಸ್ಕು ಅರ್ಧ ಮುಚ್ಚಿತು.

ಅಂದಿನಿಂದ ಅಕ್ಕ ಅವನ ಜೊತೆ ಮಾತಾಡಲಿಲ್ಲ. ಫೋನು ಮಾಡಿದರೆ ಎತ್ತುವವನು ಜಗದೇವಪ್ಪ. "ಆರಾಮ ಅದೀವಿ ಕಲ್ಯಾಣಪ್ಪ, ನೀವು?" ಅನ್ನುತ್ತಿದ್ದ. ಹಿಂದೆ ಆಕೆಯ ಕೆಮ್ಮು ಕೇಳಿಸುತ್ತಿತ್ತು. ಅಲ್ಲೇ ಪಕ್ಕದಲ್ಲಿ ಕೂತಿದ್ದಾಳೆ ಎಂದು ಕಲ್ಯಾಣಪ್ಪನಿಗೆ ತಿಳಿಯುತ್ತಿತ್ತು. ಆ ಕೆಮ್ಮು ಕೇಳಲಿಕ್ಕೆಂದೇ ಅವನು ಮಾತು ಬೆಳೆಸುತ್ತಿದ್ದ. ಮಳೆ ಹೇಗೆ, ಬಾಳೆಗೆ ರೇಟು ಏನು, ಗೊನೆಗೆ ರೋಗ ಬಿದ್ದಿಲ್ಲವಲ್ಲ ಎಂದು ಬೇಕಿಲ್ಲದ್ದನ್ನೆಲ್ಲ ಕೇಳುತ್ತಿದ್ದ. ದೀಪಾವಳಿಗೆ ಒಂದು ಡಬ್ಬಿ ಕರ್ಚಿಕಾಯಿ ಮಾಡಿಸಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ. ಡಬ್ಬಿ ಅದೇ ಬಸ್ಸಿನಲ್ಲಿ ತಿರುಗಿ ಬಂತು. ಖಾಲಿ ಡಬ್ಬಿ ಕಳಿಸಬಾರದೆಂಬ ರೀತಿಗೆ ಅದರೊಳಗೆ ಕೆಂಪು ಬಾಳೆಹಣ್ಣಿದ್ದವು. ಒಂದು ಮಾತೂ ಇರಲಿಲ್ಲ. ಕಲ್ಯಾಣಪ್ಪ ಆ ಹಣ್ಣನ್ನು ಯಾರಿಗೂ ಕೊಡದೆ, ಕಪ್ಪಾಗುವವರೆಗೂ ಇಟ್ಟುಕೊಂಡು ಒಂದೊಂದಾಗಿ ತಿಂದ.

ಹೋಗಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ರಸ್ತೆ ತೆರೆದಿತ್ತು, ಬಸ್ಸು ಓಡುತ್ತಿದ್ದವು. ಆದರೆ ಹೋದಾಗ ಆಕೆ ಬಾಗಿಲು ಹಾಕಿಬಿಟ್ಟರೆ? ಹೋಗದೆ ಇದ್ದರೆ ಬಾಗಿಲು ತೆರೆದೀತು ಎಂಬ ಆಸೆಯಾದರೂ ಉಳಿಯುತ್ತದೆ. ಮಾತಿನ ಮನುಷ್ಯರಿಗೆ ಇಂಥ ಪುಕ್ಕಲುತನ ಜಾಸ್ತಿ.

ಮರುವರ್ಷ ಲಸಿಕೆ ಬಂತು. ಮಂಜುಷಾ ಮತ್ತೆ ಪ್ರೆಸ್ಸಿಗೆ ಬಂದಳು. ಅರವತ್ತು ದಾಟಿದವರಿಗೆ ಮೊದಲು ಸೂಜಿ, ಆದರೆ ಹಿರಿಯರು ಮನೆಯಿಂದ ಕದಲುತ್ತಿರಲಿಲ್ಲ. ಜ್ವರ ಬರುತ್ತದಂತೆ, ಕಾಲು ಬೀಳುತ್ತದಂತೆ, ಸತ್ತೇ ಹೋದರಂತೆ. ಅಂತೆ ಕಂತೆಗಳಿಗೆ ಅಕ್ಷರದ ಮಿತಿ ಇರಲಿಲ್ಲ.

ಕಲ್ಯಾಣಪ್ಪ ಕೂತು ಬರೆದ. "ನಿಮ್ಮ ಪಾಲಿನ ಲಸಿಕೆ ಎತ್ತಿಟ್ಟಿದ್ದೇವೆ. ನೀವು ಬರುವ ದಾರಿ ನೋಡುತ್ತಿದ್ದೇವೆ." ಮರುದಿನ ಇನ್ನೊಂದು. "ಉಸಿರಿನ ತೊಂದರೆ ಇದ್ದವರೇ ಮೊದಲು ಬನ್ನಿ. ನೀವಿಲ್ಲದೆ ಮನೆ ಮನೆಯಲ್ಲ."

ಮಂಜುಷಾ ಅದನ್ನು ಓದಿ ಅವನ ಕಡೆ ತಿರುಗಿದಳು.

"ಇದು ಯಾರಿಗೆ ಬರ್ದದ್ದು, ಕಲ್ಯಾಣಪ್ಪನವರ?"

"ಜಿಲ್ಲಾಕ್ಕರೀ ಮೇಡಂ."

ಅವಳು ಮತ್ತೆ ಕೇಳಲಿಲ್ಲ. ಎರಡನ್ನೂ ಕಳಿಸಿದಳು.

ಮೆಸೇಜು ಕೆಲಸ ಮಾಡಿತು. ಎಷ್ಟು ಮಾಡಿತೆಂದರೆ, ಸೇಡಂ ರಸ್ತೆಯ ಕೇಂದ್ರದಲ್ಲಿ ಒಬ್ಬ ಅಜ್ಜ, "ನಂದು ಎತ್ತಿಟ್ಟೀರಂತಲ್ಲ, ಎಲ್ಲದ ತೋರಸ್ರಿ, ಮಂದೀದು ನನಗ ಬ್ಯಾಡ," ಎಂದು ಜಗಳಕ್ಕೆ ನಿಂತನಂತೆ. ನರ್ಸು ಒಂದು ಸೀಸೆಯನ್ನು ಬೇರೆ ತೆಗೆದಂತೆ ಮಾಡಿ, ಇದೇ ನೋಡ್ರಿ ನಿಮ್ಮದು, ಅಂದ ಮೇಲೆಯೇ ಅವನು ತೋಳು ಕೊಟ್ಟದ್ದು. ಮಂಜುಷಾ ಇದನ್ನು ಹೇಳಿ ನಕ್ಕಳು. ಕರೀಂಸಾಬರೂ ನಕ್ಕರು. ಕಲ್ಯಾಣಪ್ಪ ಮಾತ್ರ ಕಮಲಾಪುರದಲ್ಲಿ ಎಷ್ಟು ಮಂದಿ ಬಂದರೆಂದು ಕೇಳಿದ.

ಅದರ ಉತ್ತರ ಮಾನಮ್ಮನ ಫೋನಿನಲ್ಲಿ ಬಂತು. "ಅಣ್ಣಾರೇ, ನಮ್ಮ ಓಣ್ಯಾಗ ಎಲ್ಲಾರೂ ಹಾಕಿಸ್ಗೊಂಡ್ರು. ನಿಮ್ಮ ಅಕ್ಕಾರೊಬ್ಬರು ಬರವಲ್ರು. ನಿಮ್ಮ ಮೆಸೇಜ್ ಓದಿ ಹೇಳಿದೆ. ಏನಂದ್ರು ಗೊತ್ತೇನ್ರಿ? 'ಎತ್ತಿಟ್ಟಾರಂತ? ನನ್ನ ಪಾಲಿಂದು ಹ್ವಾದ ವರ್ಷೇ ಮಂದಿ ಉಂಡು ಹೋದ್ರು. ನಾ ಕರದವರ ಮನಿಗೆ ಹೋಗಾಕಿ, ಮೊಬೈಲ್ ಕರದ್ರ ಹೋಗಂಗಿಲ್ಲ' ಅಂದ್ರು."

ಕಲ್ಯಾಣಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ದಮ್ಮು ಭಾಳ ಆಗ್ಯದರೀ. ನಮ್ಮ ಹಿಂದಿನ ಓಣಿಗೆ ರೋಗ ಬಂದು ಮುಟ್ಟ್ಯದ. ನನಗ ಅಂಜಿಕಿ ಆಗಾಕತ್ತದ. ಮದುವಿಗಂತ ತಂದಿಟ್ಟಿದ್ರಲ್ರೀ ಇಳಕಲ್ ಸೀರಿ, ಅದರ ಮಡಿಕಿ ಇನ್ನೂ ಬಿಚ್ಚಿಲ್ಲ. ಮೊನ್ನೆ ಟ್ರಂಕ್ ತೆಗೆದಾಗ ನಾನೇ ನೋಡೀನಿ."

ಆ ಸೀರೆಯ ಮಾತು ಅವನನ್ನು ಕೂತಲ್ಲಿ ಕೂಡಗೊಡಲಿಲ್ಲ. ಆಕೆ ಇಷ್ಟು ದಿನ ಸಿಟ್ಟಿನಲ್ಲಿದ್ದಾಳೆ ಎಂದು ತಿಳಿದಿದ್ದ. ಸಿಟ್ಟಿದ್ದವರು ಸೀರೆಯನ್ನು ಯಾವುದಾದರೂ ಮದುವೆಗೆ ಉಟ್ಟು ಹಳೆಯದು ಮಾಡಿಬಿಡುತ್ತಾರೆ. ಮಡಿಕೆ ಬಿಚ್ಚದೆ ಇಟ್ಟುಕೊಂಡವಳು ದಾರಿ ನೋಡುತ್ತಿದ್ದಾಳೆ. ತಾನು ಇಲ್ಲಿ ಕೂತು ಆ ಕಡೆಯ ದಾರಿ ನೋಡುತ್ತಿದ್ದ ಹಾಗೆ, ಆಕೆ ಅಲ್ಲಿ ಕೂತು ಈ ಕಡೆಯ ದಾರಿ.

ಆದರೂ ಅವನು ಮಾಡಿದ್ದೇನು? ಮತ್ತೆ ಕಂಪ್ಯೂಟರಿನ ಮುಂದೆ ಕೂತ. ಇನ್ನೂ ಮೆತ್ತಗಿನ, ಇನ್ನೂ ಹತ್ತಿರದ ಒಂದು ಸಾಲು ಹುಡುಕತೊಡಗಿದ. ಒಂದು ಬರೆದು ಅಳಿಸಿದ, ಇನ್ನೊಂದು ಬರೆದು ಅಳಿಸಿದ. ಹಿಂದೆ ನಿಂತು ನೋಡುತ್ತಿದ್ದ ಕರೀಂಸಾಬರಿಗೆ ತಡೆಯಲಾಗಲಿಲ್ಲ. ಅವರಿಗೆ ಎಲ್ಲ ಗೊತ್ತಿತ್ತು.

"ಅರೆ ಭೈ, ಏನ್ ಹುಡುಕಾಕತ್ತಿ? ಖುದ್ದು ಕರೆಯಂತ ತಿಳೀರಿ ಅನ್ನೋ ಆ ಸಾಲ ನಾವು ಗಿರಾಕಿಗೆ ಮಾರೋದು. ನಮ್ಮ ಮನ್ಯಾಗ ಚಲಾಯಿಸೋದಲ್ಲ. ನನ್ನ ಮಗಳ ನಿಕಾಹಕ್ಕ ನಾ ಹತ್ತೂರು ತಿರುಗೀನಿ, ಚಪ್ಲಿ ಹರ್ಕೊಂಡೀನಿ. ಎದ್ದು ಹೋಗು ಮೊದಲು!"

ಕಲ್ಯಾಣಪ್ಪ ಕಂಪ್ಯೂಟರು ಆರಿಸಿದ.

ಮರುದಿನವೇ ಕಮಲಾಪುರದ ಕಲ್ಯಾಣ ಮಂಟಪದಲ್ಲಿ ಲಸಿಕೆ ಕ್ಯಾಂಪಿತ್ತು. ಮದುವೆಗಳಿಲ್ಲದೆ ಖಾಲಿ ಬಿದ್ದಿದ್ದ ಜಾಗ, ವಿಶಾಲವಾಗಿದೆ ಎಂದು ಅದನ್ನೇ ಹಿಡಿದಿದ್ದರು. ಆ ವಾರ ಬಸ್ಸಿನವರು ಮುಷ್ಕರ ಹೂಡಿದ್ದರು. ಅರುಣಕುಮಾರ ತನ್ನ ಕಾರ್ಖಾನೆಯ ಗೂಡ್ಸ್ ಆಟೊ ಕೇಳಿ ತಂದ. ಬೆಳಿಗ್ಗೆ ಎದ್ದು ಸೌಂದರ್ಯಾ ಅಕ್ಕಿಗೆ ಅರಿಶಿಣ ಕಲಸಿದಳು, ಕುಂಕುಮದ ಭರಣಿ ತೆಗೆದುಕೊಂಡಳು. ಮದುವೆಯಾಗಿ ವರ್ಷ ಆಗುತ್ತ ಬಂದ ಹುಡುಗಿ ತನ್ನ ಸೋದರತ್ತೆಯನ್ನು ಸೂಜಿ ಹಾಕಿಸಿಕೊಳ್ಳಲು ಕರೆಯಲಿಕ್ಕೆ ಅಕ್ಕಿಕಾಳು ಕಲಸುವುದನ್ನು ನೋಡಿ ಓಣಿಯವರು ನಕ್ಕರು. ಅವಳು ನಗಲಿಲ್ಲ. ಅಳಿಯ ಮುಂದೆ, ಅಪ್ಪ ಮಗಳು ಹಿಂದೆ, ಆಟೊ ಹುಮನಾಬಾದ್ ರಸ್ತೆಗೆ ಬಿತ್ತು. ಬಿಸಿಲು ಏರುವ ಮೊದಲೇ ಹೊಲಗಳು ಬಿಳಿಚಿಕೊಂಡಿದ್ದವು. ಕಲ್ಯಾಣಪ್ಪ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಾತು ಜೋಡಿಸಿದ. ಮೊದಲು ಇದು, ಆಮೇಲೆ ಅದು, ಕೊನೆಗೆ ಕ್ಷಮೆ.

ಕಸ್ತೂರಿಬಾಯಿ ಅಂಗಳದಲ್ಲಿ ಕೂತು ಗೊನೆಯಿಂದ ಬಾಳೆಹಣ್ಣು ಬಿಡಿಸುತ್ತಿದ್ದಳು. ಎಷ್ಟು ಇಳಿದು ಹೋಗಿದ್ದಳೆಂದರೆ ಕುಬಸದ ತೋಳು ಜೋತು ಬಿದ್ದಿತ್ತು. ಆಟೊದ ಸದ್ದಿಗೆ ತಲೆ ಎತ್ತಿ ನೋಡಿ, ಮತ್ತೆ ಹಣ್ಣಿನ ಕಡೆಗೆ ತಿರುಗಿದಳು.

"ಯಾರ ಬಂದ್ರು? ಮಾರಿ ಕಟಗೊಂಡು ನಿಂತೀರಿ, ಗುರ್ತ ಹತ್ತವಲ್ದು."

ಗುರುತು ಹತ್ತದೆ ಏನು!

ಕಲ್ಯಾಣಪ್ಪ ದಾರಿಯಲ್ಲಿ ಜೋಡಿಸಿಕೊಂಡ ಮಾತು ಒಂದೂ ಬಾಯಿಗೆ ಬರಲಿಲ್ಲ. ಸಾವಿರ ಮನೆಗಳ ಕರೆ ಬರೆದ ಮನುಷ್ಯ ಗೇಟಿನ ಹತ್ತಿರ ಶಾಲೆಗೆ ತಡವಾದ ಹುಡುಗನ ಹಾಗೆ ನಿಂತುಕೊಂಡ.

"ಅಕ್ಕಾ... ಮಂಟಪದಾಗ... ಇವತ್ತು. ಸಂಜೀ ತನಕ ಇರ್ತದ. ಬಾ ನೀ."

"ಯಾರ ಮನಿ ಕಾರ್ಯ ಅದು? ಸರಕಾರದ್ದಾ?"

"ಸರಕಾರದ್ದಲ್ಲ. ನಮ್ಮ ಮನೀದು." ಅವನು ಗೇಟಿನೊಳಗೆ ಒಂದು ಹೆಜ್ಜೆ ಇಟ್ಟ. "ನೀ ಇರಬೇಕು ಅಕ್ಕಾ. ಅದೇ ಕಾರ್ಯ. ಬ್ಯಾರೆ ಏನೂ ಇಲ್ಲ. ಆಗ ನಾ ಬಂದು ನಿನಗ ಹೇಳಬೇಕಿತ್ತು. ಬರಬ್ಯಾಡ ಅನ್ನಾಕರ ಬರಬೇಕಿತ್ತು. ಬರಲಿಲ್ಲ. ನಿನ್ನ ಬಿಟ್ಟು ನನಗ ಒಂದು ಹಬ್ಬನೂ ಹಬ್ಬ ಆಗಿಲ್ಲ."

ಆಕೆ ಹಣ್ಣು ಬಿಡಿಸುವ ಕೈ ನಿಲ್ಲಿಸಲಿಲ್ಲ. ಉಸಿರು ಎಳೆದುಕೊಳ್ಳುವ ಸದ್ದು ಅಂಗಳದಾಚೆಗೂ ಕೇಳುತ್ತಿತ್ತು. ಜಗದೇವಪ್ಪ ಬಾಗಿಲಲ್ಲಿ ಬಂದು ನಿಂತ. ಕೊನೆಗೆ ಕಸ್ತೂರಿಬಾಯಿ ತಮ್ಮನನ್ನು ಬಿಟ್ಟು ಸೌಂದರ್ಯಾಳ ಕಡೆ ನೋಡಿದಳು.

"ಭರ್ಣಿ ಹಿಡಕೊಂಡು ನಿಂತಿಯಲ್ಲ, ಕುಂಕುಮ ಹಚ್ಚಾಕ ಬರ್ತದೋ ಇಲ್ಲೋ ನಿನಗ? ಯಾರೂ ಕಲಿಸಿಲ್ಲೇನು?"

ಕಲಿಸಿದವಳು ತಾನೇ. ಸೌಂದರ್ಯಾ ಓಡಿ ಬಂದು ಹಣೆಗೆ ಕುಂಕುಮ ಹಚ್ಚಿದಳು, ಅಕ್ಕಿಕಾಳು ಕೈಗೆ ಹಾಕಿದಳು. ಕಸ್ತೂರಿಬಾಯಿ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಸೆರಗಿಗೆ ಕಟ್ಟಿಕೊಳ್ಳಲಿಲ್ಲ, ಕೆಳಗೂ ಹಾಕಲಿಲ್ಲ. ಮುಷ್ಟಿ ಬಿಚ್ಚದೆ ಎದ್ದು ಒಳಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು. ಬರುತ್ತೇನೆ ಎಂದೂ ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಅವರು ಮಂಟಪಕ್ಕೆ ಹೋಗಿ ಕೂತರು. ವರ ವಧು ಕೂರುವ ವೇದಿಕೆಯ ಮೇಲೆ ಲಸಿಕೆಯ ಪೆಟ್ಟಿಗೆ ಇಟ್ಟಿದ್ದರು. ಕೆಳಗೆ ಊಟಕ್ಕೆ ಹಾಕುವ ಕುರ್ಚಿಗಳು, ಎರಡರ ನಡುವೆ ಒಂದು ಕುರ್ಚಿಗೆ ಯಾರೂ ಕೂಡಬಾರದೆಂದು ಪಟ್ಟಿ ಅಂಟಿಸಿದ್ದರು. ಮಂದಿ ಬಂದರು, ತೋಳು ಕೊಟ್ಟರು, ಹೋದರು. ಕಲ್ಯಾಣಪ್ಪ ಬಾಗಿಲನ್ನೇ ನೋಡುತ್ತಿದ್ದ. ಊಟದ ಹೊತ್ತು ದಾಟಿತು. ಅರುಣಕುಮಾರ ಬುತ್ತಿ ಬಿಚ್ಚಿದ, ಇವನು ಮುಟ್ಟಲಿಲ್ಲ. ಮಾನಮ್ಮ ಎರಡು ಸಲ ಆ ಓಣಿಯ ಕಡೆ ಹೋಗಿ ಬಂದಳು. "ಬಾಗಲಾ ಹಾಕ್ಯಾರರೀ," ಅಂದಳು. ಸಿಕ್ಕ ಒಂದು ಅವಕಾಶವನ್ನು ವರ್ಷದ ಹಿಂದೆಯೇ ಕಳೆದುಕೊಂಡಿದ್ದೇನೆ, ಈಗ ಬರೀ ಅದರ ನೆರಳಿಗೆ ಕಾಯುತ್ತಿದ್ದೇನೆ ಎಂದು ಅವನಿಗೆ ಅನಿಸತೊಡಗಿತು.

ಆಗ ಬಾಗಿಲಲ್ಲಿ ಕೂತವರೆಲ್ಲ ಒಮ್ಮೆಲೇ ತಿರುಗಿ ನೋಡಿದರು.

ಕಸ್ತೂರಿಬಾಯಿ ಬರುತ್ತಿದ್ದಳು. ದಾಳಿಂಬೆ ಬಣ್ಣದ ಇಳಕಲ್ ಸೀರೆ, ಕೆಂಪು ಸೆರಗು. ವರ್ಷವಿಡೀ ಟ್ರಂಕಿನಲ್ಲಿದ್ದ ಮಡಿಕೆಯ ಗೆರೆಗಳು ಮೈಮೇಲೆ ಹಾಗೇ ಎದ್ದು ಕಾಣುತ್ತಿದ್ದವು. ಮೂಗಿಗೆ ನತ್ತು, ಅದರ ಮೇಲೆ ಮಾಸ್ಕು. ಜಗದೇವಪ್ಪನ ತೋಳು ಹಿಡಿದು, ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಂಡು ಆಕೆ ಒಳಗೆ ಬಂದಳು. ಸೆರಗಿನ ತುದಿಯಲ್ಲಿ ಸಣ್ಣದೊಂದು ಗಂಟಿತ್ತು.

ಯಾರನ್ನೂ ಮಾತಾಡಿಸದೆ ಕೂತು ತೋಳು ಕೊಟ್ಟಳು. ಸೂಜಿ ಚುಚ್ಚುವಾಗ ಮುಖ ತಿರುಗಿಸಲಿಲ್ಲ. ಆಮೇಲೆ ಸೆರಗಿನ ಗಂಟು ಬಿಚ್ಚಿ, ಸೌಂದರ್ಯಾಳನ್ನು ಕರೆದು, ಆ ಅಕ್ಕಿಕಾಳನ್ನು ಹುಡುಗಿಯ ತಲೆಯ ಮೇಲೆ ಹಾಕಿದಳು. ಸೌಂದರ್ಯಾ ಬಾಗಿ ಕಾಲು ಮುಟ್ಟಿದಾಗ ನರ್ಸು, ದೂರ ದೂರ ಎಂದು ಕೂಗಿದಳು. ಯಾರೂ ಕೇಳಲಿಲ್ಲ.

"ಅರ್ಧಾ ತಾಸು ಕುಂದರಬೇಕ್ರೀ ಅಮ್ಮಾರೇ, ಆಮ್ಯಾಲೆ ಹೋಗ್ರಿ," ಎಂದು ನರ್ಸು ಆಕೆಯನ್ನು ಕುರ್ಚಿಗಳ ಸಾಲಿಗೆ ಕಳಿಸಿದಳು. ಕಸ್ತೂರಿಬಾಯಿ ಬಂದು ಕೂತಳು. ನಡುವೆ ಪಟ್ಟಿ ಅಂಟಿಸಿದ ಒಂದು ಖಾಲಿ ಕುರ್ಚಿ, ಆಚೆಗೆ ಕಲ್ಯಾಣಪ್ಪ. ಆಕೆ ನೇರವಾಗಿ ವೇದಿಕೆಯ ಕಡೆ ನೋಡುತ್ತಿದ್ದಳು. ಅವನು ಆಕೆಯ ಉಸಿರು ಕೇಳುತ್ತ ಕೂತ. ಫೋನಿನಲ್ಲಿ ಕದ್ದು ಕೇಳುತ್ತಿದ್ದ ಅದೇ ಕೆಮ್ಮು ಈಗ ಕೈಯಳತೆಯಲ್ಲಿತ್ತು. ಏನಾದರೂ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದ. ಹೇಳಿದರೆ ಎದ್ದು ಹೋದಾಳೆಂದು ಹೆದರಿ ಮುಚ್ಚಿಕೊಂಡ. ಅರ್ಧ ತಾಸು ಅಷ್ಟು ಬೇಗ ಮುಗಿಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ನರ್ಸು ಬಂದು ಕೇಳಿದಳು. "ಅಮ್ಮಾರೇ, ನಿಮ್ಮ ಟೈಮ್ ಆತು. ಆರಾಮ ಅನಸ್ತದಲ್ಲ? ಮನೀಗೆ ಹೋಗಬಹುದ್ರೀ."

ಜಗದೇವಪ್ಪ ಎದ್ದು ನಿಂತ. ಕಸ್ತೂರಿಬಾಯಿ ಏಳಲಿಲ್ಲ. ಹಣೆಗೆ ಕೈ ಇಟ್ಟುಕೊಂಡಳು.

"ಇಲ್ಲವಾ, ಸ್ವಲ್ಪ ತಲಿ ತಿರುಗಿದಂಗ ಆಗ್ಯದ. ಇನ್ನೊಂದಿಷ್ಟು ಹೊತ್ತು ಕುಂದರ್ತೀನಿ."

ನರ್ಸು ಗಾಬರಿಯಾಗಿ ಡಾಕ್ಟರನ್ನು ಕರೆಯಲು ಹೊರಟಳು. ಮಾನಮ್ಮ ಅವಳ ಕೈ ಹಿಡಿದು ನಿಲ್ಲಿಸಿ, ಕಣ್ಣಿನಲ್ಲೇ ಏನೋ ಹೇಳಿದಳು. ಕಸ್ತೂರಿಬಾಯಿಯ ಕೈ ಹಣೆಯಿಂದ ಇಳಿಯಿತು. ತಲೆ ತಿರುಗುವವರ ಲಕ್ಷಣ ಆಕೆಯಲ್ಲಿ ಒಂದೂ ಇರಲಿಲ್ಲ. ಖಾಲಿ ಕುರ್ಚಿಯ ಆಚೆಗೆ, ವರ್ಷದ ಮೇಲೆ ಮೊದಲ ಸಲ, ತಮ್ಮನ ಮುಖ ನೋಡಿದಳು.

"ಹೂಂ, ಹೇಳು," ಅಂದಳು. "ಮುಂಜಾನೆ ಹಂದರಾ ಹಾಕಿದಾಗಿಂದ ಹೇಳು. ಏನೂ ಬಿಡಬ್ಯಾಡ. ಅರಿಶಿಣ ಮೊದಲ ಯಾರ ಹಚ್ಚಿದ್ರು?"